ಮೆಟ್ಟಿಲಿನ ಹಿಂಬದಿ

ಬೋಡಿನಾಯಕನೂರಿನಲ್ಲಿ ನನ್ನ ತಂಗಿಯ ಮಗನು ಕಟ್ಟಿಸುತ್ತಿರುವ ಮನೆಯನ್ನು ನೋಡಲೆಂದು ಈಚೆಗೆ ನಾನು ಅಲ್ಲಿಗೆ ಹೋಗಿದ್ದಾಗ, ಗಾರೆಕೆಲಸವು ಮುಗಿದು ಗೋಡೆಗಳಿನ್ನೂ ತೇವವಾರದಿದ್ದ ನಡುಮನೆಯೊಳಕ್ಕೆ, ಕೇರಳದ ಕಡೆಯಿಂದ ಬಂದ ಲಾರಿಯೊಂದು ಇಳಿಸಿಹೋದ ಉದ್ದುದ್ದನೆಯ ರಟ್ಟಿನ ಪೆಟ್ಟಿಗೆಗಳನ್ನು ಇಬ್ಬರು ಯುವಕರು ಹೊತ್ತು ತಂದು ಸಾಲಾಗಿ ಇಟ್ಟರು. ಅವುಗಳಲ್ಲಿದ್ದುದು ಮಹಡಿಗೆ ಏರುವ ಮರದ ಮೆಟ್ಟಿಲು. ಪ್ರತಿಯೊಂದು ಹಲಗೆಗೂ ಒಂದು ಅಂಕಿ. ಪ್ರತಿಯೊಂದು ತಿರುಪುಮೊಳೆಗೂ ಮೊದಲೇ ಕೊರೆದಿಟ್ಟ ರಂಧ್ರ. ಪೆಟ್ಟಿಗೆಯೊಳಗೆ ಮಡಿಸಿಟ್ಟಿದ್ದ ನಕ್ಷೆಯ ಕಾಗದವನ್ನು ನೆಲದ ಮೇಲೆ ಹರವಿಕೊಂಡು ಕೆಲಸಕ್ಕೆ ಕುಳಿತ ಆ ಇಬ್ಬರು, ಬೆಳಗಿನ ಕಾಫಿಯ ಹೊತ್ತಿಗೆ ಆರಂಭಿಸಿ, ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲನ್ನು ನಿಲ್ಲಿಸಿ ಕೈತೊಳೆದುಕೊಂಡರು. "ಹತ್ತಿ ನೋಡಿ ಮಾಮ" ಎಂದು ಹುಡುಗನು ಸಂತೋಷದಿಂದ ಕರೆದನು. ನಾನು ಹತ್ತುವುದಕ್ಕೆ ಮೊದಲು ಮೊಣಕಾಲೂರಿ ಬಗ್ಗಿ, ಆ ಮೆಟ್ಟಿಲಿನ ಹಿಂಬದಿಯನ್ನು ಇಣಿಕಿ ನೋಡಿದೆನು. ಯಾವ ಮೆಟ್ಟಿಲನ್ನು ಕಂಡರೂ ಮೊದಲು ಅದರ ಬೆನ್ನನ್ನು ನೋಡುವ ಈ ಅಭ್ಯಾಸವನ್ನು ನನಗೆ ಅಂಟಿಸಿದವರು, ಅರ್ಧ ಶತಮಾನಕ್ಕೂ ಹಿಂದೆ ಅದೇ ಊರಿನಲ್ಲಿ ನಾನು ಕಂಡ ಒಬ್ಬ ಮರಗೆಲಸದ ಆಚಾರಿಯವರು.

ಬೋಡಿಯನ್ನು ಕಾಣದ ಓದುಗರಿಗೆ ಆ ಊರಿನ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಪಶ್ಚಿಮಘಟ್ಟವು ಪೂರ್ವಕ್ಕೆ ಕಡಿದಾಗಿ ಇಳಿದು ಮುಗಿಯುವ ಪಾದಪ್ರದೇಶದಲ್ಲಿ, ಕೊಟ್ಟಗುಡಿ ಹೊಳೆಯ ಬದಿಯಲ್ಲಿರುವ ಊರು ಅದು; ಊರಿನ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಪಡುವಣ ದಿಕ್ಕಿನಲ್ಲಿ ಬೆಟ್ಟವೇ ಕಾಣುತ್ತದೆ. ಬೋಡಿಮೆಟ್ಟಿನ ದಾರಿಯಾಗಿ ಬೆಟ್ಟವನ್ನೇರಿದರೆ ಏಲಕ್ಕಿಯ ತೋಟಗಳು, ಅವುಗಳಾಚೆ ಮುನ್ನಾರಿನ ಚಹದ ತೋಟಗಳು. ಮುನ್ನಾರಿನ ಚಹವು ಒಂದು ಕಾಲದಲ್ಲಿ ಪುಟ್ಟ ರೈಲಿನಲ್ಲಿ ಟಾಪ್ ಸ್ಟೇಷನ್ನಿನವರೆಗೆ ಬಂದು, ಅಲ್ಲಿಂದ ತಂತಿಯ ಮೇಲೆ ತೂಗಿಕೊಂಡು ಕೊಟ್ಟಗುಡಿಗೆ ಇಳಿದು, ಬೋಡಿಯನ್ನು ಸೇರುತ್ತಿದ್ದಿತು. 1924ರ ಮಹಾಪ್ರವಾಹವು ಆ ಪುಟ್ಟ ರೈಲನ್ನು ನಾಶಮಾಡಿತು. 1928ರಲ್ಲಿ ಮಧುರೆಯಿಂದ ಬೋಡಿಗೆ ಮೀಟರ್ ಗೇಜಿನ ರೈಲುಹಾದಿಯು ತೆರೆಯಿತು. 2010ರ ಕೊನೆಗೆ ಹಳಿಯನ್ನು ಅಗಲಿಸಲೆಂದು ನಿಂತುಹೋದ ಆ ರೈಲು ಮತ್ತೆ ಬೋಡಿಯನ್ನು ಮುಟ್ಟಿದುದು 2023ರ ಜೂನ್ ತಿಂಗಳಿನಲ್ಲಿ. ಏಲಕ್ಕಿಯ ವ್ಯಾಪಾರವೇ ಊರಿನ ಜೀವ. ಇಂದಿಗೂ ಸಾಂಬಾರ ಮಂಡಳಿಯ ಏಲಕ್ಕಿ ಹರಾಜು ನಡೆಯುವ ಕೇಂದ್ರಗಳಲ್ಲಿ ಬೋಡಿಯೂ ಒಂದು.

ನಮ್ಮ ಮನೆಯ ಮಾತು ಕನ್ನಡ. ಬೋಡಿ, ಕಂಬಂ ಮೊದಲಾದ ಊರುಗಳ ಸುತ್ತಲೂ ಕಪ್ಪಿಲಿಯರೆಂದು ಕರೆಸಿಕೊಳ್ಳುವ ಕನ್ನಡದ ಒಕ್ಕಲುಮಕ್ಕಳು ಬಹುಕಾಲದಿಂದ ನೆಲಸಿರುವರು. ದಕ್ಷಿಣ ಭಾರತದ ಜಾತಿಗಳನ್ನು ಕುರಿತ ಎಡ್ಗರ್ ಥರ್ಸ್ಟನ್ನರ 1909ರ ಗ್ರಂಥದಲ್ಲಿಯೂ ಅವರ ವಿಷಯವುಂಟು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆಗೆ ತಮಿಳು, ಎಂಬುದೇ ನಮ್ಮ ಬಾಲ್ಯದ ಕ್ರಮವಾಗಿತ್ತು. ಕನ್ನಡದ ಅಕ್ಷರವನ್ನು ನಾನು ಕಲಿತುದು ಬಹಳ ತಡವಾಗಿ, ಬೆಂಗಳೂರಿಗೆ ಬಂದ ಮೇಲೆ. ಆದುದರಿಂದ ಈ ಬರಹದಲ್ಲಿ ಆಚಾರಿಯವರು ಆಡುವ ಮಾತುಗಳೆಲ್ಲವೂ ಅವರು ತಮಿಳಿನಲ್ಲಿ ಆಡಿದವು ಎಂದು ಓದುಗರು ಭಾವಿಸಬೇಕು.

ಪ್ರೌಢಶಾಲೆಯನ್ನು ಮುಗಿಸಿ, ಮುಂದೆ ಓದಿಸುವ ಶಕ್ತಿ ಅಪ್ಪನಿಗೆ ಇಲ್ಲದ್ದರಿಂದ, ಕಟ್ಟಡದ ಗುತ್ತಿಗೆ ಹಿಡಿಯುವ ಒಬ್ಬರ ಬಳಿ ನಾನು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆನು. 1960ರ ದಶಕದ ಕೊನೆಯ ಭಾಗವದು. ಏಲಕ್ಕಿಯ ವ್ಯಾಪಾರದಿಂದ ಬಹಳ ಮೇಲೆ ಬಂದಿದ್ದ ಒಬ್ಬ ಮೊದಲಾಳಿಯು ಊರಿನ ನಡುಬೀದಿಯಲ್ಲಿ ಮಹಡಿಯ ಮನೆಯನ್ನು ಕಟ್ಟಿಸುತ್ತಿದ್ದನು. ಅಷ್ಟರಲ್ಲಾಗಲೇ ಕಾಂಕ್ರೀಟಿನ ಮೆಟ್ಟಿಲುಗಳು ಬಂದಿದ್ದರೂ, ಬೆಟ್ಟದ ವ್ಯಾಪಾರದಲ್ಲಿ ಬೆಳೆದ ತನ್ನ ಮನೆಗೆ ಬೆಟ್ಟದ ಮರದ ಮೆಟ್ಟಿಲೇ ಆಗಬೇಕೆಂದು ಆತನು ಹಟ ಹಿಡಿದನು. ಆ ಕೆಲಸಕ್ಕಾಗಿ ಬಂದವರು ನಾನು ಹೇಳುತ್ತಿರುವ ಆಚಾರಿಯವರು. ನಾಗರಕೋಯಿಲಿನ ಕಡೆಯವರು, ತೆಳ್ಳಗಿನ ದೇಹ, ಹಣೆಯ ಮೇಲೆ ವಿಭೂತಿ, ಬಲಗಿವಿಯ ಸಂದಿನಲ್ಲಿ ಸೀಸದ ಕಡ್ಡಿ. ಅವರೊಂದಿಗೆ ಅವರ ಅಕ್ಕನ ಮಗನೂ ಬಂದಿದ್ದನು; ಹೆಚ್ಚುಕಡಿಮೆ ನನ್ನ ವಯಸ್ಸಿನವನು, ಗರಗಸದ ಕೆಲಸದಲ್ಲಿ ಬಲು ನಿಪುಣ.

ಮರವು ಮೆಟ್ಟಿಲಿನ ಕೆಲಸ ಆರಂಭವಾಗುವುದಕ್ಕೆ ಎಷ್ಟೋ ಮೊದಲೇ ಬಂದಿದ್ದಿತು. ಕಾಲಿಡುವ ಹಲಗೆಗಳಿಗೂ ಎರಡು ಪಕ್ಕದ ಉದ್ದಹಲಗೆಗಳಿಗೂ ತೇಗ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಎದ್ದುನಿಲ್ಲುವ ನಿಲುಹಲಗೆಗಳಿಗೆ ಹಲಸು. ಬೆಟ್ಟದ ಆಚೆಯ ಮಳೆಯ ನಾಡಿನಲ್ಲಿ ಬೆಳೆದ ಮರವನ್ನು, ಮಳೆಯ ಮರೆಯಲ್ಲಿರುವ ನಮ್ಮ ಕಣಿವೆಗೆ ತಂದು ಕೂಡಲೇ ಕೊಯ್ದು ಜೋಡಿಸಿದರೆ ಆಗುವ ಅನಾಹುತವನ್ನು ಆಚಾರಿಯವರು ಬಲ್ಲರು. ಮುಂಗಾರು ಬೆಟ್ಟದ ನೆತ್ತಿಯಾಚೆ ಸುರಿದು ಮುಗಿಸಿ, ನಮ್ಮ ಕಡೆಗೆ ಒಣಗಾಳಿಯನ್ನು ಮಾತ್ರ ಕಳುಹಿಸುತ್ತದೆ. ಅಮ್ಮಿಕಲ್ಲನ್ನೂ ಹಾರಿಸಬಲ್ಲುದೆಂದು ತಮಿಳರು ಹೇಳುವ ಆ ಆಡಿ ತಿಂಗಳ ಗಾಳಿಯು ಹಗಲಿರುಳೂ ಬೀಸಿ, ಹಸಿಯಾದ ಹಲಗೆಯೊಳಗಿನ ನೀರನ್ನು ಹೀರಿಬಿಡುತ್ತದೆ. ಮುಂದೆ ಐಪ್ಪಶಿ ಕಾರ್ತಿಕದಲ್ಲಿ ಹಿಂಗಾರಿನ ಮಳೆ ಹಿಡಿದಾಗ ಅದೇ ಹಲಗೆಯು ಮತ್ತೆ ತೇವವನ್ನು ಕುಡಿದು ಉಬ್ಬುತ್ತದೆ. ಮರವು ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಅಲ್ಪ; ಅಗಲಕ್ಕೆ ಮಾತ್ರ ಕುಗ್ಗಿಯೇ ಕುಗ್ಗುತ್ತದೆ, ಅದರಲ್ಲಿಯೂ ವರ್ಷವರ್ಷದ ಉಂಗುರಗಳ ಗುಂಟ ಕುಗ್ಗುವುದು ಅವುಗಳನ್ನು ಅಡ್ಡಹಾಯ್ದು ಕುಗ್ಗುವುದರ ಸುಮಾರು ಎರಡರಷ್ಟು. ಒಂದಂಗುಲದ ದಪ್ಪಕ್ಕೆ ಒಂದು ವರ್ಷದ ಒಣಗು ಎಂಬ ಹಳೆಯ ನಿಯಮವನ್ನು ಆಚಾರಿಯವರು ಒಂದಿನಿತೂ ಸಡಿಲಿಸಲು ಒಪ್ಪಲಿಲ್ಲ. ಹಲಗೆಗಳ ನಡುವೆ ಗಾಳಿಯಾಡುವಂತೆ ತುಂಡುಪಟ್ಟಿಗಳನ್ನಿಟ್ಟು ಅಟ್ಟಿ ಹೇರಿ, ಮೇಲೆ ತೆಂಗಿನ ಗರಿಯನ್ನು ಹೊದಿಸಿ ಅವರು ಊರಿಗೆ ಹಿಂದಿರುಗಿದಾಗ, ಮೊದಲಾಳಿಯು ಸಹನೆಯನ್ನು ಕಳೆದುಕೊಂಡು ಬೈದುದೂ, ನನ್ನ ಗುತ್ತಿಗೆದಾರರು ಆತನನ್ನು ಸಮಾಧಾನಪಡಿಸಲು ಪಟ್ಟ ಪಾಡೂ ನನಗೆ ನೆನಪಿದೆ. ಬಂದ ಮರವನ್ನು ಬಂದ ವಾರದಲ್ಲಿಯೇ ಕೊಯ್ಯುವ ಇಂದಿನ ಅವಸರವನ್ನು ಕಂಡಾಗಲೆಲ್ಲ, ಆ ತೆಂಗಿನ ಗರಿಯ ಕೆಳಗೆ ಸುಮ್ಮನೆ ಮಲಗಿದ್ದ ಹಲಗೆಗಳಲ್ಲಿ ಎಷ್ಟೊಂದು ಕೆಲಸ ನಡೆಯುತ್ತಿದ್ದಿತೆಂಬುದು ನನಗೆ ಹೊಸದಾಗಿ ಅರ್ಥವಾಗುತ್ತದೆ.

ಅವರು ಮತ್ತೆ ಬಂದು ಅಳತೆ ಹಿಡಿದ ಬಗೆಯು ಅಂಕಿಗಳನ್ನೇ ನಂಬಿದ್ದ ನನಗೆ ಆಶ್ಚರ್ಯವನ್ನುಂಟುಮಾಡಿತು. ಕೆಳನೆಲದಿಂದ ಮೇಲ್ನೆಲದವರೆಗೆ 11 ಅಡಿ 4 ಅಂಗುಲವೆಂದು ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೆನು. ಆಚಾರಿಯವರು ಅದನ್ನು ಕೇಳಲಿಲ್ಲ. ನೇರವಾದ ಒಂದು ಉದ್ದಪಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿ, ಮೇಲಿನ ತೊಲೆಯ ಮಟ್ಟವು ಎಲ್ಲಿ ಮುಟ್ಟಿತೋ ಅಲ್ಲಿ ಉಳಿಯಿಂದ ಗೀರಿದರು. ಅನಂತರ ಆ ಪಟ್ಟಿಯನ್ನು ಮಲಗಿಸಿಕೊಂಡು, ಕೈವಾರವನ್ನು ಬಿಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆಹೆಜ್ಜೆಯಾಗಿ ನಡೆಸಿದರು. ಹದಿನೇಳನೆಯ ಹೆಜ್ಜೆಯು ಗೀರನ್ನು ದಾಟಿದರೆ ಕೈವಾರವನ್ನು ಕೂದಲೆಳೆಯಷ್ಟು ಮುಚ್ಚುವರು, ಮುಟ್ಟದಿದ್ದರೆ ಅಷ್ಟೇ ತೆರೆಯುವರು. ಹೀಗೆ ಹಲವು ಸಲ ನಡೆಸಿ, ಕೊನೆಯ ಹೆಜ್ಜೆಯು ಗೀರಿನ ಮೇಲೆಯೇ ಕುಳಿತಾಗ ಹದಿನೇಳು ಸಮಭಾಗಗಳು ಸಿದ್ಧವಾದವು. ನನ್ನ ಲೆಕ್ಕದಲ್ಲಿ 136 ಅಂಗುಲವನ್ನು 17ರಿಂದ ಭಾಗಿಸಿದರೆ ಬರುವುದು ಸರಿಯಾಗಿ 8 ಅಂಗುಲ. ಅವರ ಕೈವಾರವೂ ಅಲ್ಲಿಯೇ ನಿಂತಿದ್ದಿತು. ಹದಿನೇಳೇ ಏಕೆಂದರೆ ಬೆಸಸಂಖ್ಯೆಯಾಗಿರಬೇಕು. ಬಲಗಾಲಿಟ್ಟು ಏರತೊಡಗಿದವನು ಬಲಗಾಲಿಟ್ಟೇ ಮಹಡಿಯನ್ನು ಸೇರಬೇಕು. ಕಾಲಿಡುವ ಅಗಲವು 9 ಅಂಗುಲ. ಎರಡು ಏರುಗಳನ್ನೂ ಒಂದು ಅಗಲವನ್ನೂ ಕೂಡಿಸಿದರೆ ಮನುಷ್ಯನ ಒಂದು ನಡಿಗೆಯ ಅಳತೆಯಾಗಬೇಕೆಂದು ಅವರು ಹೇಳಿದರು. ಇದೇ ಸೂತ್ರವನ್ನು ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬ್ಲಾಂಡೆಲ್ ಎಂಬ ವಾಸ್ತುಶಿಲ್ಪಿಯು ಬರೆದಿಟ್ಟಿರುವನೆಂದು ನಾನು ಬಹುಕಾಲದ ಮೇಲೆ ಓದಿ ತಿಳಿದೆನು. ಎಲ್ಲ ಏರುಗಳೂ ಸಮವಾಗಿರಬೇಕೆಂಬ ವಿಷಯದಲ್ಲಿ ಆಚಾರಿಯವರಿಗೆ ಇದ್ದ ನಿಷ್ಠೆಯು ಅಂಧಶ್ರದ್ಧೆಯಲ್ಲ. ಮೂರು ಮೆಟ್ಟಿಲು ಹತ್ತುವುದರೊಳಗಾಗಿ ಕಾಲು ಆ ಏರನ್ನು ಕಲಿತುಬಿಡುತ್ತದೆ. ನಾಲ್ಕನೆಯದು ಕಾಲಂಗುಲ ಹೆಚ್ಚಾದರೂ ಕಣ್ಣಿಗೆ ತೋರದ ಆ ವ್ಯತ್ಯಾಸವು ಬೆರಳನ್ನು ಎಡವಿಸುತ್ತದೆ.

ಅಷ್ಟನ್ನು ಅವರು ಎಲ್ಲರೆದುರಿಗೂ ಮಾಡಿದರು. ಆದರೆ ಆ ಮೆಟ್ಟಿಲು ಕೆಳಭಾಗದಲ್ಲಿ ಗೋಡೆಯ ಮೂಲೆಯನ್ನು ಅನುಸರಿಸಿ ತಿರುಗಬೇಕಾಗಿದ್ದಿತು. ಕಾಲಿಡುವ ಹದಿನಾರು ಹಲಗೆಗಳಲ್ಲಿ ಹದಿಮೂರು ನೇರವಾದವು, ಮೂರು ಮಾತ್ರ ಒಂದು ಬದಿಗೆ ಕಿರಿದಾಗಿ ಇನ್ನೊಂದು ಬದಿಗೆ ಅಗಲವಾದ ತಿರುವಿನವು. ಮರದ ಮೆಟ್ಟಿಲಿನ ವಿದ್ಯೆಯೆಲ್ಲ ಇರುವುದು ಈ ತಿರುವಿನಲ್ಲಿ. ಕೈಪಿಡಿಯಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ, ಏರುವವನ ಕಾಲು ನಿಜವಾಗಿ ಬೀಳುವ ಹಾದಿಯಲ್ಲಿ, ತಿರುವಿನ ಹಲಗೆಗಳ ಅಗಲವು ನೇರದ ಹಲಗೆಗಳ ಅಗಲಕ್ಕೆ ಸಮನಾಗಿರಬೇಕು. ಅದಕ್ಕೆ ಹೊಂದಿ ಎರಡು ಪಕ್ಕದ ಉದ್ದಹಲಗೆಗಳಲ್ಲಿ, ಕಾಲಿಡುವ ಹಲಗೆಗಳು ಕೂರುವ ತೋಡುಗಳ, ಎಂದರೆ ಗಾಡಿಗಳ, ಅಂತರವು ಬೇರೆಬೇರೆಯಾಗಬೇಕು. ಆ ಅಂತರವನ್ನು ತಿಳಿಯಬೇಕಾದರೆ ಇಡೀ ತಿರುವನ್ನು ನಿಜದ ಗಾತ್ರದಲ್ಲಿ ನೆಲದ ಮೇಲೆ ಬರೆಯಬೇಕು. ಆ ಬರಹದ ದಿನ ಆಚಾರಿಯವರು ತಮ್ಮ ಅಕ್ಕನ ಮಗನನ್ನು ವೀಳ್ಯದೆಲೆ ತರಲೆಂದು ಪೇಟೆಗೆ ಕಳುಹಿಸಿದರು. ಅವನು ತಂದರೆ ಸುಣ್ಣ ಸರಿಯಿಲ್ಲವೆಂದು ಮತ್ತೆ ಅಟ್ಟಿದರು. ಸಂಜೆ ಎಲ್ಲರೂ ಹೋದ ಮೇಲೆ, ಲಾಂದ್ರದ ಬೆಳಕಿನಲ್ಲಿ ಒಬ್ಬರೇ ಕುಳಿತು, ದಾರಕ್ಕೆ ಸೀಮೆಸುಣ್ಣವನ್ನು ತೀಡಿ ಗೆರೆ ಹೊಡೆದು ನೆಲದ ಮೇಲೆ ಬರೆದರು; ಅಳತೆಗಳನ್ನು ಪಟ್ಟಿಗಳಿಗೆ ಇಳಿಸಿಕೊಂಡು, ಬೆಳಗಾಗುವುದರೊಳಗೆ ನೆಲವನ್ನು ಒದ್ದೆಬಟ್ಟೆಯಿಂದ ಒರೆಸಿಬಿಟ್ಟರು. ಮರುದಿನ ನಾನು ಕಂಡುದು ನೆಲದ ಮೇಲೆ ಉಳಿದಿದ್ದ ಬಿಳಿಯ ಮಬ್ಬನ್ನು ಮಾತ್ರ. ಅಕ್ಕನ ಮಗನು ಆ ಮಬ್ಬನ್ನು ದಿಟ್ಟಿಸಿ ನೋಡುತ್ತ ನಿಂತಿದ್ದನು. ಆಚಾರಿಯವರು ಗದರಿದ ಮೇಲೆ ಗರಗಸವನ್ನು ಎತ್ತಿಕೊಂಡನು.

ಇನ್ನು ಜೋಡಣೆಯ ಮಾತು. ಏರನ್ನೂ ಅಗಲವನ್ನೂ ಎರಡು ಬಾಹುಗಳಾಗಿ ಉಳ್ಳ ತ್ರಿಕೋನದ ತೆಳುಹಲಗೆಯೊಂದನ್ನು ಮಾಡಿಕೊಂಡು, ಅದನ್ನು ಪಕ್ಕದ ಉದ್ದಹಲಗೆಯ ಅಂಚಿನ ಗುಂಟ ಸರಿಸುತ್ತ ಒಂದೊಂದಾಗಿ ಮೆಟ್ಟಿಲುಗಳ ಗುರುತನ್ನು ಗೀರಿದರು. ಗುರುತಿನೊಳಗೆ ಅರ್ಧ ಅಂಗುಲ ಆಳದ ಗಾಡಿಯನ್ನು ಉಳಿಯಿಂದ ತೋಡಿದರು. ತೇಗದೊಳಗಿನ ಮರಳಿನಂಥ ಅಂಶವು ಉಳಿಯ ಬಾಯಿಯನ್ನು ಬೇಗನೆ ಮೊಂಡುಮಾಡುವುದರಿಂದ, ಸಾಣೆಕಲ್ಲಿನ ಸದ್ದು ದಿನವೆಲ್ಲ ಕೇಳಿಸುತ್ತಿದ್ದಿತು. ಈ ಗಾಡಿಯ ಆಕಾರದಲ್ಲಿಯೇ ರಹಸ್ಯವಿದೆ. ಮುಂಭಾಗದಲ್ಲಿ ಅದು ಹಲಗೆಯಷ್ಟೇ ದಪ್ಪ. ಹಿಂದೆ ಹಿಂದೆ ಹೋದಂತೆ ಅಗಲವಾಗುತ್ತದೆ. ಹಲಗೆಯನ್ನು ಗಾಡಿಯೊಳಗೆ ಕೂಡಿಸಿದ ಮೇಲೆ, ಹಿಂಬದಿಯಲ್ಲಿ ಉಳಿಯುವ ಓರೆಯಾದ ಎಡೆಯೊಳಕ್ಕೆ ಅದೇ ಜಾತಿಯ ಒಣಮರದ ಬೆಣೆಯನ್ನು ವಜ್ಜಿರದ ಅಂಟಿನಲ್ಲಿ ಅದ್ದಿ ಕೊಡತಿಯಿಂದ ಬಡಿದರೆ, ಹಲಗೆಯು ಗಾಡಿಯ ಮೇಲಂಚಿಗೆ ಒತ್ತಿಕೊಂಡು ಕೂದಲೂ ತೂರದಂತೆ ಬಿಗಿಯುತ್ತದೆ. ಮುಂದಿನಿಂದ ನೋಡುವವರಿಗೆ ಬೆಣೆಯೂ ಇಲ್ಲ, ಮೊಳೆಯೂ ಇಲ್ಲ. ಎಂದಾದರೂ ಮರ ಒಣಗಿ ಸಡಿಲವಾಯಿತೆಂದರೆ, ಹಿಂದಿನಿಂದ ಬೆಣೆಗೆ ಇನ್ನೊಂದು ಪೆಟ್ಟು ಕೊಟ್ಟರೆ ಮುಗಿಯಿತು. ಮೊಳೆ ಹೊಡೆದು ಕೂಡಿಸಿದ ಮೆಟ್ಟಿಲಾದರೋ, ಹಲಗೆಯು ಕುಗ್ಗಿದಾಗ ಮೊಳೆಯು ಅಲುಗಾಡಿ ಹೆಜ್ಜೆಹೆಜ್ಜೆಗೂ ಕಿರುಗುಟ್ಟುತ್ತದೆ. ಪ್ರಾಣಿಗಳ ಚರ್ಮಮೂಳೆಗಳಿಂದ ತೆಗೆದ ವಜ್ಜಿರವೆಂಬ ಆ ಅಂಟನ್ನು ರಾತ್ರಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸುವಾಗ ಏಳುತ್ತಿದ್ದ ದುರ್ಗಂಧವನ್ನು ನಾನು ಇಂದಿಗೂ ಮರೆತಿಲ್ಲ.

ಅಂಗಳದಲ್ಲಿ ಮೆಟ್ಟಿಲನ್ನು ಬೋರಲಾಗಿ ಮಲಗಿಸಿ, ಬೆಣೆಗಳನ್ನೆಲ್ಲ ಬಡಿದು, ಕಾಲಿಡುವ ಹಲಗೆಯೂ ನಿಲುಹಲಗೆಯೂ ಸೇರುವ ಪ್ರತಿಯೊಂದು ಒಳಮೂಲೆಗೂ ತ್ರಿಕೋನದ ಮರದ ತುಂಡುಗಳನ್ನು ಅಂಟಿಸಿ ಮುಗಿಸಿದ ದಿನ ಆಚಾರಿಯವರು ನನ್ನನ್ನು ಕರೆದು, "ಲೆಕ್ಕದ ತಂಬಿ, ಇಂದೇ ನೋಡಿಕೋ, ನಾಳೆ ಇದನ್ನು ನಿಲ್ಲಿಸಿದ ಮೇಲೆ ಮೊದಲಾಳಿಗೆ ಕಾಣುವುದು ಮುಖ. ಮನೆ ಹೊರುವುದು ಬೆನ್ನು" ಎಂದರು. ಸಾಲಾಗಿ ಕುಳಿತ ಬೆಣೆಗಳ ತಲೆಗಳೆಲ್ಲವನ್ನೂ ಒಂದೇ ಮಟ್ಟಕ್ಕೆ ಕೊಯ್ದು, ಯಾರೂ ನೋಡದ ಆ ಜಾಗವನ್ನೂ ಹತ್ತರಿಯಿಂದ ಹೆರೆದು ನಯಗೊಳಿಸಿದ್ದರು. ನಾನು ಅಲ್ಲಿಯವರೆಗೆ ನೋಡಿದ ವಸ್ತುಗಳಲ್ಲಿ ಅಷ್ಟು ಸುಂದರವಾದುದು ಇನ್ನೊಂದಿರಲಿಲ್ಲ.

ನಿಲ್ಲಿಸಿದ ದಿನ ಹಗ್ಗವೂ ಬಿದಿರೂ ಹನ್ನೆರಡು ಹೆಗಲುಗಳೂ ಬೇಕಾದವು. ಕೆಳತುದಿಯನ್ನು ನೆಲದ ಮೇಲೆ ಊರದೆ ಕಲ್ಲಿನ ಚಪ್ಪಡಿಯೊಂದರ ಮೇಲೆ ಕೂಡಿಸಿದರು. ನೆಲದ ತೇವವೂ ಗೆದ್ದಲೂ ಮರವನ್ನು ಮುಟ್ಟದಿರಲೆಂದು ಹಾಗೆ. ಮೇಲ್ತುದಿಯ ಕಚ್ಚನ್ನು ಮಹಡಿಯ ಅಡ್ಡತೊಲೆಗೆ ಸಿಕ್ಕಿಸಿದರು. ಗೋಡೆಯು ಎಷ್ಟು ನೇರವೆಂದು ಗಾರೆಯವರು ಆಣೆಯಿಟ್ಟರೂ ಅದು ನೇರವಾಗಿರುವುದಿಲ್ಲ. ಉದ್ದಹಲಗೆಯನ್ನು ಗೋಡೆಗೆ ಒರಗಿಸಿ, ಗೋಡೆಯ ಉಬ್ಬುತಗ್ಗುಗಳನ್ನು ಕೈವಾರದಿಂದ ಹಲಗೆಗೆ ಇಳಿಸಿ, ಅದರಂತೆ ಅಂಚನ್ನು ಕೆತ್ತಿದ ಮೇಲೆಯೇ ಅವೆರಡೂ ಒಂದಾಗಿ ಕೂಡಿದವು. ರಸಮಟ್ಟವನ್ನು ಒಂದೊಂದು ಹಲಗೆಯ ಮೇಲೂ ಇಟ್ಟು ನೋಡಿ, ನಿಂಬೆಯ ಹಣ್ಣನ್ನು ಕೊಯ್ದು ಕುಂಕುಮ ಹಚ್ಚಿ ಎರಡು ಪಕ್ಕಕ್ಕೂ ಇಟ್ಟು, ಮೊದಲಾಳಿಯ ತಾಯಿಯನ್ನು ಬಲಗಾಲಿಟ್ಟು ಹತ್ತಿಸಿದರು. ಆ ವೃದ್ಧೆಯು ಮೇಲೆ ಸೇರುವವರೆಗೂ ಆಚಾರಿಯವರು ಕಣ್ಣು ಮುಚ್ಚಿ, ಕಿವಿಯನ್ನು ಮಾತ್ರ ಮೆಟ್ಟಿಲಿನ ಕಡೆಗೆ ಕೊಟ್ಟು ನಿಂತಿದ್ದರು. ಮರವು ಒಂದು ಸದ್ದನ್ನೂ ಮಾಡಲಿಲ್ಲ.

ಇಷ್ಟೆಲ್ಲವನ್ನೂ ಪ್ರೀತಿಯಿಂದ ಬರೆದ ಮೇಲೆ, ಅಂದು ನಾನು ಕಂಡೂ ಕಾಣದಂತಿದ್ದ ಇನ್ನೊಂದು ಮೆಟ್ಟಿಲಿನ ವಿಷಯವನ್ನು ಬರೆಯದಿದ್ದರೆ ಈ ನೆನಪು ಪ್ರಾಮಾಣಿಕವಾಗದು. ಅದೇ ಮನೆಯ ಹಿಂಭಾಗದಲ್ಲಿ ಏಲಕ್ಕಿಯ ಗೋದಾಮು ಇದ್ದಿತು. ಅದರ ಅಟ್ಟದ ಮೇಲೆ ಊರಿನ ಬಡ ಹೆಂಗಸರು ಸಾಲಾಗಿ ಕುಳಿತು, ಬಣ್ಣಕ್ಕೂ ಗಾತ್ರಕ್ಕೂ ತಕ್ಕಂತೆ ಏಲಕ್ಕಿಯ ಕಾಯಿಗಳನ್ನು ಆಯುತ್ತಿದ್ದರು. ನನ್ನ ಚಿಕ್ಕಮ್ಮನೂ ಅವರಲ್ಲಿ ಒಬ್ಬಳು. ಆ ಅಟ್ಟಕ್ಕೆ ಏರಲು ಇದ್ದುದು ಎರಡು ತೊಲೆಗಳಿಗೆ ಅಡ್ಡಹಲಗೆಗಳನ್ನು ಮೊಳೆ ಹೊಡೆದು ಮಾಡಿದ, ನಿಲುಹಲಗೆಯೂ ಕೈಪಿಡಿಯೂ ಇಲ್ಲದ, ಏಣಿಯಷ್ಟೇ ಕಡಿದಾದ ಒಂದು ಸಾಧನ. ಒಂದು ಕೈಯಲ್ಲಿ ಸೀರೆಯ ನೆರಿಗೆಯನ್ನು ಹಿಡಿದು, ಇನ್ನೊಂದು ಕೈಯಿಂದ ತಲೆಯ ಮೇಲಿನ ಗೋಣಿಯನ್ನು ಆತು, ಅವರು ಅದನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದರೋ! ತುಂಬಿದ ಬಸುರಿಯರೂ ಹತ್ತುತ್ತಿದ್ದರು. ಮನೆಯೊಳಗಿನ ತೇಗದ ಮೆಟ್ಟಿಲನ್ನು ಮೊದಲಾಳಿಯ ಕುಟುಂಬದವರು ಏರುತ್ತಿದ್ದುದು ಮಲಗುವ ಹೊತ್ತಿಗೊಮ್ಮೆ. ಬೆಣೆಯ ಬಿಗಿತವನ್ನೂ ಏರಿನ ಸಮತೆಯನ್ನೂ ಅಷ್ಟು ಬಲ್ಲ ಆಚಾರಿಯವರು ಗೋದಾಮಿನ ಏಣಿಯನ್ನು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಅದು ಅವರಿಗೆ ವಹಿಸಿದ ಕೆಲಸವಾಗಿರಲಿಲ್ಲ. ಹೆಚ್ಚು ಕಾಲುಗಳು ತುಳಿಯುವ ಮೆಟ್ಟಿಲಿಗೇ ಹೆಚ್ಚು ವಿದ್ಯೆಯು ಸಲ್ಲಬೇಕೆಂದು ಅಂದು ನಮ್ಮಲ್ಲಿ ಯಾರಿಗೂ ತೋರಲಿಲ್ಲ.

ಆಚಾರಿಯವರ ತೇಗದ ಮೆಟ್ಟಿಲಾದರೂ ಇಂದಿನ ದೃಷ್ಟಿಯಿಂದ ಕಡಿದಾದುದೇ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯಲ್ಲಿ ಏರು 190 ಮಿಲಿಮೀಟರನ್ನು ಮೀರಬಾರದು, ಕಾಲಿಡುವ ಅಗಲ 250 ಮಿಲಿಮೀಟರಿಗೆ ಕಡಮೆಯಾಗಬಾರದು; 8 ಅಂಗುಲದ ಏರೂ 9 ಅಂಗುಲದ ಅಗಲವೂ ಆ ಎರಡು ಮಿತಿಗಳಿಗೂ ಹೊರಗಾಗುತ್ತವೆ. ಅದೇ ಎತ್ತರಕ್ಕೆ ಹತ್ತೊಂಬತ್ತು ಏರುಗಳನ್ನಿಟ್ಟಿದ್ದರೆ ಬೆಸಸಂಖ್ಯೆಯೂ ಉಳಿಯುತ್ತಿತ್ತು, ಆ ವೃದ್ಧೆಯ ಮೊಣಕಾಲೂ ಉಳಿಯುತ್ತಿತ್ತು. ತಕ್ಕಲೆಯ ಬಳಿಯ ಪದ್ಮನಾಭಪುರದ ಅರಮನೆಯನ್ನು, ಅದರ ಮರದ ಕೆಲಸವನ್ನು ಆಚಾರಿಯವರು ಬಾಯಿತುಂಬ ಹೊಗಳುತ್ತಿದ್ದರೆಂಬ ಕಾರಣದಿಂದಲೇ, ನಾನು ಮುಂದೊಮ್ಮೆ ಹೋಗಿ ನೋಡಿದೆನು. ಕೆತ್ತನೆಯನ್ನು ಕಂಡು ಬೆರಗಾದೆನು, ಆದರೆ ಅಲ್ಲಿಯ ಇಕ್ಕಟ್ಟಾದ ಕಡಿದಾದ ಮರದ ಮೆಟ್ಟಿಲುಗಳನ್ನು ಏರುವಾಗ ಕೈಯನ್ನೂ ಕಾಲಾಗಿ ಮಾಡಿಕೊಳ್ಳಬೇಕಾಯಿತು. ಹಿಂದಿನವರು ಮಾಡಿದುದೆಲ್ಲವೂ ಹಿತವೆಂಬ ಮಾತನ್ನು ನಾನು ಒಪ್ಪಲಾರೆ.

ಮರದ ಮೆಟ್ಟಿಲು ಬೋಡಿಯಿಂದ ಮರೆಯಾದುದಕ್ಕೆ ಕಾರಣಗಳು ಹಲವು. ಬೆಂಕಿಯ ಭಯವು ಮೊದಲಿನಿಂದಲೂ ಇದ್ದಿತು. ಮೈಸೂರಿನ ಮರದ ಅರಮನೆಯು 1897ರ ಮದುವೆಯ ಸಂಭ್ರಮದಲ್ಲಿ ಸುಟ್ಟುಹೋದ ಮೇಲೆ, ಹೆನ್ರಿ ಇರ್ವಿನ್ನರ ಯೋಜನೆಯಂತೆ 1912ರಲ್ಲಿ ಮುಗಿದ ಹೊಸ ಅರಮನೆಯನ್ನು ಕಲ್ಲು ಇಟ್ಟಿಗೆ ಕಬ್ಬಿಣಗಳಿಂದ ಎಬ್ಬಿಸಿದರೆಂಬುದನ್ನು ಬಲ್ಲವರಿಗೆ, ಗೋಣಿಚೀಲಗಳು ತುಂಬಿದ ಏಲಕ್ಕಿಯ ಮನೆಗೆ ಮರದ ಮೆಟ್ಟಿಲು ಬೇಡವೆನ್ನುವವರ ಮಾತನ್ನು ತಳ್ಳಿಹಾಕಲಾಗದು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯೂ, ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಕೊಟ್ಟ ಆಜ್ಞೆಯೂ ಕಾಡಿನ ಮರವನ್ನು ವಿರಳಗೊಳಿಸಿದವು. ವಿರಳವಾದುದು ನ್ಯಾಯವೇ ಆಯಿತು. ಆ ಬೆಟ್ಟದಲ್ಲಿ ಚಹಕ್ಕೂ ಏಲಕ್ಕಿಗೂ ಹಲಗೆಗೂ ಎಂದು ನಾವು ಕಳೆದುಕೊಂಡ ಕಾಡನ್ನು ನೆನೆದರೆ, ಕಾಯಿದೆಯು ಇನ್ನೂ ಮೊದಲೇ ಬರಬೇಕಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಇವು ಯಾವುವೂ ಆ ವಿದ್ಯೆಯನ್ನು ಕೊಂದವಲ್ಲ. ಮರವು ವಿರಳವಾಗುವುದಕ್ಕೂ ಎಷ್ಟೋ ಮೊದಲೇ, ಆ ರಾತ್ರಿ ಒರೆಸಿದ ಒದ್ದೆಬಟ್ಟೆಯಲ್ಲಿಯೇ ಅದು ಅಳಿಯತೊಡಗಿದ್ದಿತು.

ಅಕ್ಕನ ಮಗನು ಮುಂದೆ ತಿರುವಿನ ಮೆಟ್ಟಿಲನ್ನು ಮಾಡಲೇ ಇಲ್ಲ. ನೇರದ ಮೆಟ್ಟಿಲುಗಳನ್ನು ಕೆಲವು ಕಾಲ ಮಾಡಿ, ಗಿರಾಕಿಗಳು ಕಡಮೆಯಾದ ಮೇಲೆ ಕೊಯಮತ್ತೂರಿಗೆ ಹೋಗಿ, ಕಾಂಕ್ರೀಟು ಹೊಯ್ಯಲು ಹಲಗೆಯ ಅಚ್ಚುಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಸೇರಿದನು. ಕೂದಲೆಳೆಯಷ್ಟು ಕೂಡಿಸಬಲ್ಲ ಕೈಗಳು, ಕಾಂಕ್ರೀಟು ಗಟ್ಟಿಯಾದ ಮೇಲೆ ಕಿತ್ತೆಸೆಯುವ ಹಲಗೆಗಳಿಗೆ ಮೊಳೆ ಹೊಡೆಯುತ್ತ ಸವೆದವು. ಆಚಾರಿಯವರನ್ನು ನಾನು ಕೊನೆಯ ಸಲ ನೋಡಿದಾಗ ಅವರ ಕಣ್ಣಿನ ಬೆಳಕು ಬಹುಮಟ್ಟಿಗೆ ಹೋಗಿದ್ದಿತು. ಆ ತಿರುವಿನ ಬರಹವನ್ನು ಹುಡುಗನಿಗೆ ಏಕೆ ತೋರಿಸಲಿಲ್ಲವೆಂದು ಕೇಳುವ ಧೈರ್ಯವು ಅಷ್ಟರಲ್ಲಿ ನನಗೆ ಬಂದಿದ್ದಿತು. ಅವರು ಬಹಳ ಹೊತ್ತು ಸುಮ್ಮನಿದ್ದು, "ನನಗೂ ಯಾರೂ ತೋರಿಸಲಿಲ್ಲ ತಂಬಿ. ಗೋಡೆಯ ಸಂದಿನಿಂದ ನೋಡಿ ಕಲಿತೆ. ತೋರಿಸಿಬಿಟ್ಟರೆ ನಾಳೆ ಗುತ್ತಿಗೆಯವನು ಅವನನ್ನೇ ಅರ್ಧ ಕೂಲಿಗೆ ಕರೆಯುತ್ತಾನೆ. ಆಮೇಲೆ ನನ್ನ ಒಲೆ ಉರಿಯುವುದು ಹೇಗೆ?" ಎಂದರು. ಆ ಮಾತಿನ ಭಾರವು ಅಂದಿಗಿಂತ ಇಂದು ನನಗೆ ಹೆಚ್ಚಾಗಿ ತಿಳಿಯುತ್ತದೆ. ಭೂಮಿಯಿಲ್ಲದ, ಹಣವಿಲ್ಲದ, ನಿವೃತ್ತಿವೇತನವಿಲ್ಲದ ಮನುಷ್ಯನಿಗೆ ನೆಲದ ಮೇಲಿನ ಆ ಗೆರೆಗಳೇ ಬಂಡವಾಳ. ಅದನ್ನು ಹಂಚಿಕೊಳ್ಳಬೇಕೆಂದು ಅವರಿಗೆ ಬೋಧಿಸುವುದು ಸುಲಭ, ಹಂಚಿಕೊಂಡರೂ ಬದುಕಬಹುದೆಂಬ ಭರವಸೆಯನ್ನು ಮಾತ್ರ ನಾವಾರೂ ಅವರಿಗೆ ಕೊಟ್ಟಿರಲಿಲ್ಲ. ಆದರೂ, ಸ್ವಂತ ಅಕ್ಕನ ಮಗನನ್ನು ಪೇಟೆಗೆ ಅಟ್ಟಿದುದನ್ನು ನಾನು ಕ್ಷಮಿಸಲಾರೆ. ಅವರ ಮೇಲಿನ ನನ್ನ ಗೌರವಕ್ಕೂ ಈ ಅಸಮಾಧಾನಕ್ಕೂ ಇಷ್ಟು ವರ್ಷಗಳಾದರೂ ರಾಜಿಯಾಗಿಲ್ಲ.

ರಟ್ಟಿನ ಪೆಟ್ಟಿಗೆಯಲ್ಲಿ ಬಂದ ನಕ್ಷೆಯನ್ನು ಆ ಸಂಜೆ ನಾನು ಕನ್ನಡಕ ಹಾಕಿಕೊಂಡು ಓದಿದೆನು. ತಿರುವಿನ ಮೂರು ಹಲಗೆಗಳ ಅಳತೆ, ಕಾಲು ಬೀಳುವ ಹಾದಿಯ ಗೆರೆ, ಗಾಡಿಗಳ ಅಂತರ, ಆಚಾರಿಯವರು ಲಾಂದ್ರದ ಬೆಳಕಿನಲ್ಲಿ ಅಡಗಿಸಿದ್ದೆಲ್ಲವೂ ಆ ಒಂದು ಹಾಳೆಯಲ್ಲಿ ಯಾರು ಬೇಕಾದರೂ ಓದುವಂತೆ ಅಚ್ಚಾಗಿದ್ದಿತು. ಕೂಡಿಸಿದ ಯುವಕರಲ್ಲಿ ಒಬ್ಬನು ಒಡಿಶಾದವನು, ಮರಗೆಲಸದ ಮನೆತನದವನಲ್ಲ. ನಾನು ಕೇಳಿದುದಕ್ಕೆಲ್ಲ ಹಾಳೆಯ ಮೇಲೆ ಬೆರಳಿಟ್ಟು ಸಂಕೋಚವಿಲ್ಲದೆ ವಿವರಿಸಿದನು. ಮರವಾದರೋ, ಹಾಲು ಬತ್ತಿದ ಮೇಲೆ ಹಿಂದೆ ಸೌದೆಗೆ ಹೋಗುತ್ತಿದ್ದ ರಬ್ಬರು. ಹುಳು ಹಿಡಿಯದಂತೆ ಬೋರಾನಿನ ಲವಣವನ್ನು ಕುಡಿಸಿ, ಒಲೆಯ ಕೋಣೆಯಲ್ಲಿ ಒಣಗಿಸಿ, ತುಂಡುಗಳನ್ನು ಹಲ್ಲುಹಲ್ಲಾಗಿ ಹೆಣೆದು ಅಂಟಿಸಿದ ಹಲಗೆ. ಅದಕ್ಕಾಗಿ ಕಾಡಿನ ಒಂದು ಮರವೂ ಬಿದ್ದಿಲ್ಲ. ಏರು ಹಿತವಾಗಿದೆ, ಕೈಪಿಡಿಯು ಭದ್ರವಾಗಿದೆ. ಇವೆಲ್ಲವೂ ನಿಜವಾದ ಉನ್ನತಿಯೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಹಿಂಬದಿಯಲ್ಲಿ ಮಾತ್ರ ಬೆಣೆಯಿರಲಿಲ್ಲ; ಉಕ್ಕಿನ ಪಟ್ಟಿಗಳೂ ತಿರುಪುಮೊಳೆಗಳೂ ಇದ್ದವು. ಆಡಿಯ ಗಾಳಿ ಕೆಲವು ಸಲ ಬೀಸಿದ ಮೇಲೆ ಅವು ಸಡಿಲವಾದರೆ, ಆ ರಂಧ್ರದಲ್ಲಿ ಮೊಳೆಯನ್ನು ಎರಡನೆಯ ಸಲ ಬಿಗಿಯುವುದು ಕಷ್ಟ. ಒಂದು ಪೆಟ್ಟಿನಿಂದ ಮತ್ತೆ ಬಿಗಿಯಬಹುದಾದ ಸಂದನ್ನು ಆ ಹಾಳೆಯನ್ನು ಬರೆದವರು ಅರಿತಿರಲಿಲ್ಲ. ಅರಿತಿದ್ದವರು ಹಾಳೆಯ ಮೇಲೆ ಬರೆಯಲಿಲ್ಲ.

ಮೊದಲಾಳಿಯ ಮನೆಯು ಮಕ್ಕಳಲ್ಲಿ ಹಂಚಿಹೋಗಿ, ಈಗ ಆ ಜಾಗದಲ್ಲಿ ವಸತಿಗೃಹವೊಂದು ನಿಂತಿದೆ. ಕೆಡವಿದಾಗ ಮೆಟ್ಟಿಲನ್ನು ಬಿಡಿಸಿ, ಹಲಗೆಗಳನ್ನು ಕಾರೈಕುಡಿಯ ಹಳೆಯ ಸಾಮಾನಿನ ವ್ಯಾಪಾರಿಗಳಿಗೆ ಮಾರಿದರೆಂದು ಕೇಳಿದೆನು. ತೇಗವು ಎಲ್ಲಿಯೋ ಮೇಜಾಗಿಯೋ ಬಾಗಿಲಾಗಿಯೋ ಬದುಕಿರಬೇಕು; ಬಿಡಿಸುವಾಗ ಬೆಣೆಗಳನ್ನು ಸೌದೆಗೆ ಎಸೆದಿರುತ್ತಾರೆ.

ತಮ್ಮ ಮನೆಯಲ್ಲಿಯೋ ಪರಿಚಿತರ ಮನೆಯಲ್ಲಿಯೋ ಹಳೆಯ ಮರದ ಮೆಟ್ಟಿಲು ಉಳಿದಿರುವ ಓದುಗರಲ್ಲಿ ನನ್ನದೊಂದು ಬೇಡಿಕೆಯಿದೆ. ಅದನ್ನು ಉಳಿಸಿಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ. ಕಡಿದಾದ ಮೆಟ್ಟಿಲಿನಿಂದ ಮುದುಕರು ಬೀಳುವುದಕ್ಕಿಂತ ಅದು ಹೋಗುವುದೇ ಲೇಸು. ಕೆಡಹುವ ಮೊದಲು ಅದರ ಹಿಂಬದಿಯನ್ನು ತೆರೆಯಿಸಿ, ಗಾಡಿಯ ಓರೆಯನ್ನೂ ಬೆಣೆಯ ಉದ್ದವನ್ನೂ ತಿರುವಿನ ಹಲಗೆಗಳ ಅಗಲವನ್ನೂ ಅಳೆದು ಬರೆಯಿಸಿ, ಚಿತ್ರ ತೆಗೆಯಿಸಿ, ಹತ್ತಿರದ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಮರಗೆಲಸವನ್ನು ಕಲಿಸುವವರಿಗೆ ಒಪ್ಪಿಸಿರಿ. ಅಂಥ ಮೆಟ್ಟಿಲನ್ನು ಮಾಡಿದ ಆಚಾರಿಗಳು ಯಾರಾದರೂ ಇನ್ನೂ ಬದುಕಿದ್ದರೆ ಅವರ ಮನೆಗೆ ಹೋಗಿ ಕೇಳಿರಿ. ಆದರೆ ಬರಿಗೈಯಲ್ಲಿ ಹೋಗಬೇಡಿರಿ. ಅವರು ಹೇಳಲಿರುವುದು ಅವರ ಜೀವಮಾನದ ಬಂಡವಾಳವಾದುದರಿಂದ, ಅವರು ಬಾಯಿ ತೆರೆಯುವ ಮೊದಲೇ ಅದರ ಬೆಲೆಯನ್ನು ಅವರ ಕೈಯಲ್ಲಿ ಇಡಿರಿ.